ಗೆಡ್ಡೆಯ ಹುಳಿ ಅಳೆದವರು

ಹಳೆ ಬೆಂಗಳೂರಿನ ಮನೆಗಳಿಗೆ ಮೈಸೂರು ರಸ್ತೆಯ ಬೆಂಗಳೂರು ಪ್ರೆಸ್ ಗೊತ್ತಿರುವುದು ಅದರ ಕ್ಯಾಲೆಂಡರಿನಿಂದ. ಏಕಾದಶಿ ಯಾವತ್ತು, ಅಮಾವಾಸ್ಯೆ ಎಷ್ಟು ಹೊತ್ತಿಗೆ ಬಿಡುತ್ತದೆ, ಸರ್ಕಾರಿ ರಜೆ ಎಷ್ಟು ಎಂದು ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರದ ಜನ ಗೋಡೆಯ ಮೇಲಿನ ಆ ಹಾಳೆ ನೋಡಿಯೇ ತಿಳಿದುಕೊಂಡರು. ಅದೇ ಪ್ರೆಸ್ಸಿನಲ್ಲಿ ಇನ್ನೊಂದು ಬಗೆಯ ಹಾಳೆಯೂ ಅಚ್ಚಾಗುತ್ತಿತ್ತು. ಸರ್ ಸಿ.ವಿ. ರಾಮನ್ 1934ರಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿಯ 'ಪ್ರೊಸೀಡಿಂಗ್ಸ್' ಹೊರಬರುತ್ತಿದ್ದುದು ಅಲ್ಲಿಂದಲೇ. ಅದರ 33ನೇ ಸಂಪುಟದಲ್ಲಿ, 1951ರಲ್ಲಿ, ಜಿ. ಸೂರ್ಯನ್ ಎಂಬ ಭೌತವಿಜ್ಞಾನಿಯ ಒಂದು ಲೇಖನವಿದೆ. 107ನೇ ಪುಟದಿಂದ 111ರವರೆಗೆ, ಬರೀ ಐದು ಪುಟ. ಹರಿಯುವ ದ್ರವದಲ್ಲಿ ನ್ಯೂಕ್ಲಿಯರ್ ಅನುರಣನ ಹೇಗಿರುತ್ತದೆ ಎಂಬುದು ಅದರ ವಿಷಯ.

ಕ್ಯಾನ್ಸರಿಗೂ ಆ ಲೇಖನಕ್ಕೂ ಮೇಲ್ನೋಟಕ್ಕೆ ಯಾವ ಸಂಬಂಧವೂ ಕಾಣದು. ಆದರೆ ಇವತ್ತು ಕ್ಯಾನ್ಸರ್ ಗೆಡ್ಡೆಯನ್ನು ಕೊಯ್ಯದೆ, ಸೂಜಿ ಚುಚ್ಚದೆ, ಒಳಗೆ ಎಷ್ಟು ಆಮ್ಲವಿದೆ, ಯಾವ ಕಿಣ್ವ ಎಷ್ಟು ಚುರುಕಾಗಿದೆ ಎಂದು ಎಂಆರ್‌ಐ ಯಂತ್ರದಿಂದ ಅಳೆಯುವ ಪ್ರಯತ್ನ ಜಗತ್ತಿನಲ್ಲಿ ನಡೆದಿದೆ. ಆ ವಿದ್ಯೆ ನಿಂತಿರುವ ಕಂಬಗಳಲ್ಲಿ ಎರಡು 1951ರವು. ಒಂದನ್ನು ಸೂರ್ಯನ್ ನೆಟ್ಟದ್ದು ಮಲ್ಲೇಶ್ವರದ ಆಚೆ ಮಗ್ಗುಲಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ. ಇನ್ನೊಂದು ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡಿನಲ್ಲಿ. ಅಲ್ಲಿನ ಲೇಖನದ ಮೂವರು ಕರ್ತೃಗಳಲ್ಲಿ ಒಬ್ಬರ ಹೆಸರು ಧರ್ಮಟ್ಟಿ.

ಆಗಿನ ಟಾಟಾ ಇನ್‌ಸ್ಟಿಟ್ಯೂಟ್ ಹೇಗಿತ್ತು ಎಂದು ಸ್ವಲ್ಪ ನೋಡಬೇಕು. 1909ರಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಸಂಸ್ಥೆಗೆ, ಅಂದರೆ ಊರವರ ಟಾಟಾ ಇನ್‌ಸ್ಟಿಟ್ಯೂಟ್‌ಗೆ, ರಾಮನ್ 1933ರಲ್ಲಿ ನಿರ್ದೇಶಕರಾಗಿ ಬಂದರು. ನಾಲ್ಕು ವರ್ಷಕ್ಕೇ ಆ ಕುರ್ಚಿ ಬಿಡಬೇಕಾಗಿ ಬಂತು. ಭೌತವಿಜ್ಞಾನದ ಪ್ರಾಧ್ಯಾಪಕರಾಗಿ ಮಾತ್ರ 1948ರವರೆಗೂ ಅಲ್ಲೇ ಇದ್ದರು. ಮಲ್ಲೇಶ್ವರದಲ್ಲಿ ಅವರ 'ಪಂಚವಟಿ' ಮನೆ ಈಗಲೂ ಊರವರಿಗೆ ಗುರುತು. ಅವರ ನಂತರ ವಿಭಾಗ ಆರ್.ಎಸ್. ಕೃಷ್ಣನ್ ಕೈಗೆ ಬಂತು. ಬೆಳಕು, ಹರಳು, ವಜ್ರ, ರೋಹಿತ ಇವು ರಾಮನ್ ಬಿಟ್ಟುಹೋದ ಆಸ್ತಿ. ಅಂಥ ಕಡೆ ಸೂರ್ಯನ್ ಹಿಡಿದದ್ದು ರೇಡಿಯೊ ಅಲೆಯ ದಾರಿ. ಬೆಳಕಿನ ರೋಹಿತ ನೋಡುವವರ ನಡುವೆ ಅದು ಹೊಸ ವ್ಯಾಪಾರ.

ಜಗತ್ತಿಗೂ ಅದು ಹೊಸದೇ. ಹೈಡ್ರೋಜನ್ ಪರಮಾಣುವಿನ ನ್ಯೂಕ್ಲಿಯಸ್ ಒಂದು ಪುಟ್ಟ ಅಯಸ್ಕಾಂತದ ಹಾಗೆ ವರ್ತಿಸುತ್ತದೆ. ಬಲವಾದ ಕಾಂತಕ್ಷೇತ್ರದಲ್ಲಿಟ್ಟು ಸರಿಯಾದ ಆವರ್ತನದ ರೇಡಿಯೊ ಅಲೆ ಹಾಯಿಸಿದರೆ ಆ ಅಲೆಯ ಶಕ್ತಿಯನ್ನು ಅದು ಹೀರುತ್ತದೆ. ಇದನ್ನು 1945ರ ಕೊನೆ, 1946ರ ಆರಂಭದಲ್ಲಿ ಹಾರ್ವರ್ಡಿನಲ್ಲಿ ಎಡ್ವರ್ಡ್ ಪರ್ಸೆಲ್, ಸ್ಟ್ಯಾನ್‌ಫರ್ಡಿನಲ್ಲಿ ಫೆಲಿಕ್ಸ್ ಬ್ಲಾಕ್ ತಮ್ಮ ತಮ್ಮ ತಂಡದೊಂದಿಗೆ ಬೇರೆಬೇರೆಯಾಗಿ ಕಂಡರು. 1952ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಆ ಶೋಧವಾಗಿ ಐದಾರು ವರ್ಷದೊಳಗೆ ಬೆಂಗಳೂರಿನಲ್ಲಿ ಅದರ ಮೇಲೆ ಹೊಸ ಪ್ರಯೋಗ ನಡೆದಿತ್ತು ಎಂಬುದು ಸಣ್ಣ ಮಾತಲ್ಲ. ಈ ನ್ಯೂಕ್ಲಿಯರ್ ಅನುರಣನದ, ಅಂದರೆ ಎನ್‌ಎಂಆರ್‌ನ, ಉಪಕರಣ ದುಡ್ಡು ಕೊಟ್ಟರೂ ಸಿಗದ ಕಾಲ ಅದು. ಬೇಕಾದವರು ವಾಲ್ವು, ಸುರುಳಿ, ಅಯಸ್ಕಾಂತ ಹೊಂದಿಸಿಕೊಂಡು ತಾವೇ ಕಟ್ಟಬೇಕಿತ್ತು.

ಈ ಪ್ರಯೋಗಕ್ಕೆ ಕೈ ಹಾಕಿದವರಿಗೆಲ್ಲ ಒಂದು ಕಾಟವಿತ್ತು. ಕಾಂತಕ್ಷೇತ್ರದಲ್ಲಿ ನ್ಯೂಕ್ಲಿಯಸ್‌ಗಳು ಸುಮಾರು ಅರ್ಧ ಒಂದು ದಿಕ್ಕಿಗೆ, ಅರ್ಧ ಎದುರು ದಿಕ್ಕಿಗೆ ನಿಲ್ಲುತ್ತವೆ. ಎರಡರ ನಡುವೆ ಇರುವ ವ್ಯತ್ಯಾಸ ಕೋಣೆಯ ಉಷ್ಣತೆಯಲ್ಲಿ, ಒಂದು ಟೆಸ್ಲಾ ಕ್ಷೇತ್ರದಲ್ಲಿ, ಹತ್ತು ಲಕ್ಷಕ್ಕೆ ಮೂರೋ ನಾಲ್ಕೋ. ಸಂಕೇತ ಹುಟ್ಟುವುದು ಆ ಮೂರು ನಾಲ್ಕರಿಂದ. ರೇಡಿಯೊ ಅಲೆಯನ್ನು ಜೋರು ಮಾಡಿದರೆ ಆ ಅಲ್ಪ ವ್ಯತ್ಯಾಸವೂ ಅಳಿಸಿ ಎರಡೂ ಕಡೆ ಸಮವಾಗಿ, ಸಂಕೇತ ಮಾಯವಾಗುತ್ತದೆ. ನ್ಯೂಕ್ಲಿಯಸ್‌ಗಳು ಮತ್ತೆ ಮೊದಲ ಸ್ಥಿತಿಗೆ ಮರಳಲು ಸಮಯ ಬೇಕು. ನೀರಿನಲ್ಲಿ ಅದು ಕೆಲವು ಸೆಕೆಂಡು. ಹೀಗೆ ಸಂಕೇತ ಅಳಿಸಿಹೋಗುವುದಕ್ಕೆ ಸಂತೃಪ್ತಿ ಎನ್ನುತ್ತಾರೆ.

ಬಸವನಗುಡಿಯ ಕಡಲೆಕಾಯಿ ಪರಿಷೆ ನೋಡಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಒಂದು ರಾಶಿಯ ಮುಂದೆ ನಿಂತವರೆಲ್ಲ ಕೊಂಡಾಯಿತು, ಆದರೂ ಜಾಗ ಬಿಡದೆ ನಿಂತಿದ್ದಾರೆ ಎಂದರೆ ವ್ಯಾಪಾರ ಬಂದ್. ಜನ ಸಾಗುತ್ತಿದ್ದರೆ ಮಾತ್ರ ಹೊಸ ಗಿರಾಕಿ, ಹೊಸ ಸೇರು. ಸೂರ್ಯನ್ ಮಾಡಿದ್ದು ಅದನ್ನೇ. ನೀರನ್ನು ನಿಲ್ಲಿಸದೆ ಸುರುಳಿಯ ಮೂಲಕ ಹರಿಯಬಿಟ್ಟರು. ಸಂತೃಪ್ತವಾದ ನೀರು ಮುಂದೆ ಹೋಯಿತು, ತಾಜಾ ನೀರು ಒಳಗೆ ಬಂತು, ಸತ್ತಿದ್ದ ಸಂಕೇತ ಎದ್ದಿತು. ಹರಿವಿನ ವೇಗಕ್ಕೂ ಸಂಕೇತದ ಬಲಕ್ಕೂ ನಂಟಿದೆ ಎಂದ ಮೇಲೆ, ಸಂಕೇತ ಅಳೆದು ಹರಿವನ್ನು ಹೇಳಬಹುದು ಎಂದಾಯಿತು. 1959ರಲ್ಲಿ ಜೆ.ಆರ್. ಸಿಂಗರ್ ಎಂಬ ಅಮೆರಿಕನ್ 'ಸೈನ್ಸ್' ಪತ್ರಿಕೆಯಲ್ಲಿ ಇದೇ ತತ್ವದಿಂದ ಜೀವಂತ ಇಲಿಯ ಬಾಲದ ರಕ್ತದ ಹರಿವು ಅಳೆದು ತೋರಿಸಿದರು. ಇವತ್ತು ಔಷಧ ಚುಚ್ಚದೆ ಮಿದುಳಿನ ರಕ್ತನಾಳಗಳ ಚಿತ್ರ ತೆಗೆಯುವ ಎಂಆರ್ ಆಂಜಿಯೋಗ್ರಾಮಿನ ಬೇರೂ ಇಲ್ಲೇ ಇದೆ. ಒಳಗೆ ಹೊಸದಾಗಿ ಹರಿದು ಬರುವ ರಕ್ತ ಬೆಳ್ಳಗೆ ಹೊಳೆಯುತ್ತದೆ, ಸುತ್ತಲಿನ ನಿಂತ ಅಂಗಾಂಶ ಸಂತೃಪ್ತವಾಗಿ ಕಪ್ಪಾಗುತ್ತದೆ. ಅದರ ಇತಿಹಾಸ ಬರೆಯುವ ಪರದೇಶದ ಪಂಡಿತರು ಸೂರ್ಯನ್ ಹೆಸರಿನಿಂದ ಆರಂಭಿಸುತ್ತಾರೆ. ಬೆಂಗಳೂರಿನ ರಸ್ತೆಗಳಲ್ಲಿ, ವೃತ್ತಗಳಲ್ಲಿ ಆ ಹೆಸರನ್ನು ನಾನು ಕಂಡಿಲ್ಲ.

ಇನ್ನು ಸ್ಟ್ಯಾನ್‌ಫರ್ಡ್. ಧರ್ಮಟ್ಟಿ ಎಂಬ ಹೆಸರು ಗೋಕಾಕ ಸೀಮೆಯವರ ಕಿವಿಗೆ ಹೊಸದಲ್ಲ. ಎಸ್.ಎಸ್. ಧರ್ಮಟ್ಟಿ ಬ್ಲಾಕ್ ಅವರ ಪ್ರಯೋಗಾಲಯದಲ್ಲಿದ್ದಾಗ, ಜೆ.ಟಿ. ಅರ್ನಾಲ್ಡ್ ಮತ್ತು ಎಂ.ಇ. ಪ್ಯಾಕರ್ಡ್ ಜೊತೆ 1951ರಲ್ಲಿ ಒಂದು ಸಣ್ಣ ಟಿಪ್ಪಣಿ ಪ್ರಕಟಿಸಿದರು. ಅದರ ವಿಷಯ ಎಥೆನಾಲ್, ಅಂದರೆ ಸಾಮಾನ್ಯ ಮದ್ಯಸಾರ. ಎಥೆನಾಲಿನ ಒಂದು ಅಣುವಿನಲ್ಲಿ ಆರು ಹೈಡ್ರೋಜನ್. ಆರೂ ಹೈಡ್ರೋಜನ್ನೇ ಆದ್ದರಿಂದ ಒಂದೇ ಕಡೆ ಒಂದೇ ಸಂಕೇತ ಬರಬೇಕಿತ್ತು. ಬಂದದ್ದು ಮೂರು: ಒಂದು, ಎರಡು, ಮೂರರ ಅನುಪಾತದಲ್ಲಿ. ಆಮ್ಲಜನಕಕ್ಕೆ ಅಂಟಿದ ಒಂದು ಹೈಡ್ರೋಜನ್, ನಡುವಿನ ಇಂಗಾಲದ ಎರಡು, ಕೊನೆಯ ಇಂಗಾಲದ ಮೂರು. ಪ್ರತಿ ನ್ಯೂಕ್ಲಿಯಸ್ ತನ್ನ ನೆರೆಹೊರೆ ಯಾವುದು ಎಂದು ಆವರ್ತನದಲ್ಲೇ ಹೇಳಿಬಿಡುತ್ತಿತ್ತು. ನ್ಯೂಕ್ಲಿಯಸ್‌ನ ಕಾಂತಗುಣವನ್ನು ಕರಾರುವಾಕ್ಕಾಗಿ ಅಳೆಯಲು ಹೊರಟಿದ್ದ ಭೌತವಿಜ್ಞಾನಿಗಳಿಗೆ ಈ 'ರಾಸಾಯನಿಕ ಪಲ್ಲಟ' ಒಂದು ಉಪದ್ರವವಾಗಿ ಕಂಡಿತ್ತು. ರಸಾಯನ ವಿಜ್ಞಾನಿಗಳಿಗೆ ಅದು ನಿಧಿ. ಧರ್ಮಟ್ಟಿಯವರು ಭಾರತಕ್ಕೆ ಮರಳಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಎನ್‌ಎಂಆರ್ ತಂಡ ಕಟ್ಟಿದರು.

ಹೀಗೆ ಒಂದೇ ವರ್ಷ ಎರಡು ಉಪದ್ರವಗಳು ಎರಡು ಉಪಕರಣಗಳಾದವು. ಗೆಡ್ಡೆಯ ಆಮ್ಲಕ್ಕೂ ಇವಕ್ಕೂ ಗಂಟು ಬೀಳಲು ಮಾತ್ರ ಇನ್ನೂ ಹಲವು ವರ್ಷ ಬೇಕಾಯಿತು.

ಗೆಡ್ಡೆ ಹುಳಿಯಾಗಿರುತ್ತದೆ ಎಂಬ ತಿಳಿವಳಿಕೆ ಅದಕ್ಕೂ ಹಳೆಯದು. 1920ರ ದಶಕದಲ್ಲಿ ಬರ್ಲಿನ್ನಿನ ಓಟೋ ವಾರ್‌ಬರ್ಗ್, ಕ್ಯಾನ್ಸರ್ ಜೀವಕೋಶಗಳು ಆಮ್ಲಜನಕ ಸಿಕ್ಕರೂ ಅದನ್ನು ಪೂರ್ತಿ ಬಳಸದೆ, ಸಕ್ಕರೆಯನ್ನು ಅರ್ಧಕ್ಕೇ ಒಡೆದು ಲ್ಯಾಕ್ಟಿಕ್ ಆಮ್ಲ ಮಾಡಿ ಬಿಸಾಡುತ್ತವೆ ಎಂದು ತೋರಿಸಿದ್ದರು. ಉಸಿರಾಟದ ಕಿಣ್ವದ ಮೇಲಿನ ಕೆಲಸಕ್ಕೆ 1931ರಲ್ಲಿ ಅವರಿಗೆ ನೊಬೆಲ್ ಬಂತು. ಗೆಡ್ಡೆಗೆ ಸೂಜಿಯಂಥ ಎಲೆಕ್ಟ್ರೋಡ್ ಚುಚ್ಚಿ ನೋಡಿದವರಿಗೂ ಪಿಎಚ್, ಅಂದರೆ ಆಮ್ಲ ಹೆಚ್ಚಿದಷ್ಟೂ ಇಳಿಯುವ ಅಂಕಿ, ಕಡಿಮೆಯೇ ಸಿಕ್ಕಿತು. ಆರೋಗ್ಯವಂತ ಅಂಗಾಂಶದಲ್ಲಿ 7.4ರ ಆಸುಪಾಸು ಇರುವುದು ಗೆಡ್ಡೆಯಲ್ಲಿ 6.5ರಿಂದ 6.9ಕ್ಕೆ ಇಳಿದಿರುತ್ತದೆ. ಅಂಕಿಯಲ್ಲಿ ಅಂತರ ಚಿಕ್ಕದೆನಿಸಬಹುದು, ಆದರೆ 7.4ರಿಂದ 6.7ಕ್ಕೆ ಇಳಿದರೆ ಆಮ್ಲದ ಕಣ ಐದು ಪಟ್ಟು. ಹೀಗಾಗಿ ಕ್ಯಾನ್ಸರ್ ಜೀವಕೋಶದ ಒಳಗೂ ಹುಳಿಯೇ ಎಂದು ಅರ್ಧ ಶತಮಾನ ಎಲ್ಲರೂ ನಂಬಿದ್ದರು. ಜೀವಕೋಶದ ಹೊರಗೆ ಎಷ್ಟು, ಒಳಗೆ ಎಷ್ಟು ಎಂದು ಬೇರೆ ಬೇರೆ ಹೇಳುವ ಶಕ್ತಿ ಆ ಸೂಜಿಗೆ ಇರಲಿಲ್ಲ.

ಇಲ್ಲಿ ಒದಗಿ ಬಂದದ್ದು ರಂಜಕ. ಪ್ರತಿ ಜೀವಕೋಶದೊಳಗೂ ಫಾಸ್ಫೇಟ್ ಇದ್ದೇ ಇರುತ್ತದೆ. ಸುತ್ತ ಆಮ್ಲ ಹೆಚ್ಚಿದ್ದರೆ ಅದು ಎರಡು ಹೈಡ್ರೋಜನ್ ಹೊತ್ತು ಓಡಾಡುತ್ತದೆ, ಕಡಿಮೆಯಾದರೆ ಒಂದನ್ನು ಬಿಟ್ಟುಕೊಡುತ್ತದೆ. ಎರಡೂ ರೂಪ ಸರಿಸಮ ಇರುವುದು ಪಿಎಚ್ ಸುಮಾರು 6.8ರಲ್ಲಿ, ಅಂದರೆ ಸರಿಯಾಗಿ ನಮಗೆ ಬೇಕಾದ ಜಾಗದಲ್ಲಿ. ಎರಡು ರೂಪಗಳ ನಡುವೆ ಫಾಸ್ಫೇಟ್ ಎಷ್ಟು ಬೇಗ ಬದಲಾಗುತ್ತಿರುತ್ತದೆಂದರೆ ಎನ್‌ಎಂಆರ್‌ಗೆ ಎರಡು ಗೆರೆ ಕಾಣದೆ ನಡುವೆ ಎಲ್ಲೋ ಒಂದೇ ಗೆರೆ ಕಾಣುತ್ತದೆ. ಆ ಗೆರೆ ಎಲ್ಲಿ ನಿಂತಿದೆ ಎಂದು ನೋಡಿದರೆ ಪಿಎಚ್ ಎಷ್ಟೆಂದು ಓದಿಕೊಳ್ಳಬಹುದು. ಧರ್ಮಟ್ಟಿ ಮತ್ತು ಸಂಗಡಿಗರು ಮದ್ಯಸಾರದಲ್ಲಿ ಕಂಡ ಅದೇ ಪಲ್ಲಟ, ಬೇರೆ ಪರಮಾಣುವಿನಲ್ಲಿ. ಆರ್.ಬಿ. ಮೂನ್ ಮತ್ತು ಜೆ.ಎಚ್. ರಿಚರ್ಡ್ಸ್ 1973ರಲ್ಲಿ ಕೆಂಪು ರಕ್ತಕಣಗಳ ಒಳಗಿನ ಪಿಎಚ್ ಅನ್ನು ಹೀಗೆ ರಂಜಕದಿಂದ ಓದಿದರು. ಮರುವರ್ಷ ಆಕ್ಸ್‌ಫರ್ಡಿನ ತಂಡ ಇಲಿಯ ಕಾಲಿನ ಸ್ನಾಯುವನ್ನೇ ಉಪಕರಣದೊಳಗಿಟ್ಟು ನೋಡಿತು.

ನಿಜವಾದ ಅಚ್ಚರಿ 1983ರದು. ಲಂಡನ್ನಿನಲ್ಲಿ ಜಾನ್ ಗ್ರಿಫಿತ್ಸ್ ಮತ್ತು ಸಂಗಡಿಗರು ಒಬ್ಬ ರೋಗಿಯ ಕೈಮೇಲಿನ ಗೆಡ್ಡೆಯನ್ನು ರಂಜಕದ ಎನ್‌ಎಂಆರ್‌ನಿಂದ ಅಳೆದು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ವರದಿ ಮಾಡಿದರು. ಗೆಡ್ಡೆಯ ಜೀವಕೋಶಗಳ ಒಳಗೆ ಹುಳಿ ಇರಲಿಲ್ಲ. ತುಸು ಕ್ಷಾರದ ಕಡೆಗೇ ಇತ್ತು! ಮೊದಮೊದಲು ಅಳತೆಯೇ ತಪ್ಪಿರಬೇಕು ಎಂದವರುಂಟು. ಮತ್ತೆ ಮತ್ತೆ ಅಳೆದಾಗಲೂ ಅದೇ ಉತ್ತರ ಬಂತು. ಕೊನೆಗೆ ತಿಳಿದದ್ದು ಇಷ್ಟು: ಕ್ಯಾನ್ಸರ್ ಜೀವಕೋಶ ತಾನು ಹುಟ್ಟಿಸಿದ ಆಮ್ಲವನ್ನು ತನ್ನೊಳಗೆ ಇಟ್ಟುಕೊಳ್ಳುವುದಿಲ್ಲ, ಪಂಪು ಮಾಡಿ ಆಚೆ ಹಾಕುತ್ತದೆ. ತನ್ನ ಮನೆ ಗುಡಿಸಿ ಕಸವನ್ನು ನೆರೆಯವರ ಬಾಗಿಲಿಗೆ ತಳ್ಳುವ ಜಾತಿ ಅದು. ಆ ಹೊರಗಿನ ಹುಳಿಯಿಂದ ಸುತ್ತಲ ಆರೋಗ್ಯವಂತ ಅಂಗಾಂಶ ನವೆದು, ಗೆಡ್ಡೆ ಹರಡಲು ದಾರಿಯಾಗುತ್ತದೆ. ಡಾಕ್ಸೋರುಬಿಸಿನ್‌ನಂಥ ಕೆಲವು ಕೀಮೋ ಔಷಧಗಳು ದುರ್ಬಲ ಕ್ಷಾರಗಳು. ಹೊರಗಿನ ಆಮ್ಲ ಸಿಕ್ಕಿದೊಡನೆ ವಿದ್ಯುದಂಶ ಹೊತ್ತುಕೊಳ್ಳುತ್ತವೆ, ಆಮೇಲೆ ಜೀವಕೋಶದ ಪೊರೆ ದಾಟಿ ಒಳಗೆ ಹೋಗುವುದು ಅವಕ್ಕೆ ಕಷ್ಟ. ಔಷಧ ಏಕೆ ನಾಟಲಿಲ್ಲ ಎಂಬ ಪ್ರಶ್ನೆಗೆ ಒಂದು ಉತ್ತರ ಹೀಗೆ ಒಂದು ಗೆರೆಯ ಜಾಗದಿಂದ ಸಿಕ್ಕಿತು. ನನ್ನ ಮಟ್ಟಿಗೆ ಈ ಇಡೀ ಇತಿಹಾಸದಲ್ಲಿ ಎಲ್ಲಕ್ಕಿಂತ ದೊಡ್ಡ ತಿರುವು ಇದೇ. ಇದರ ನಂತರ ಬಂದ ಯಂತ್ರಗಳು ಇದಕ್ಕಿಂತ ಎಷ್ಟೋ ಜಾಣ ಯಂತ್ರಗಳು, ಆದರೆ ಒಂದು ತಪ್ಪು ನಂಬಿಕೆಯನ್ನು ಇಷ್ಟು ಸ್ವಚ್ಛವಾಗಿ ಉರುಳಿಸಿದ್ದು ಇದೊಂದೇ ಅಳತೆ.

ಬೆಂಗಳೂರಿನ ಕಡೆಗೆ ಮರಳೋಣ. 1973 ಇಲ್ಲಿಗೂ ನೆನಪಿನ ವರ್ಷ. ಪಾಲ್ ಲೌಟರ್‌ಬರ್ ಅಮೆರಿಕದಲ್ಲಿ ಎನ್‌ಎಂಆರ್‌ನಿಂದ ಮೊದಲ ಚಿತ್ರ ತೆಗೆದು 'ನೇಚರ್'ನಲ್ಲಿ ಪ್ರಕಟಿಸಿದ ವರ್ಷವೇ ಹೊಸೂರು ರಸ್ತೆಯ ಕಡೆ ಕಿದ್ವಾಯಿ ಸ್ಮಾರಕ ಕ್ಯಾನ್ಸರ್ ಸಂಸ್ಥೆ ಶುರುವಾಯಿತು. ಅದರ ಹತ್ತಿರದಲ್ಲೇ ಮರುವರ್ಷ ನಿಮ್ಹಾನ್ಸ್ ರೂಪುಗೊಂಡಿತು. ಲೌಟರ್‌ಬರ್ ಚಿತ್ರ ಎರಡು ಪುಟ್ಟ ನೀರಿನ ಕೊಳವೆಗಳದು. ಅದನ್ನು ಆಸ್ಪತ್ರೆಗೆ ತರಬೇಕಾದರೆ ಬೇರೆ ಲೆಕ್ಕಾಚಾರ ಬೇಕಿತ್ತು. ಜ್ಯೂರಿಕ್‌ನಲ್ಲಿ ರಿಚರ್ಡ್ ಅರ್ನ್ಸ್ಟ್ ಆ ಲೆಕ್ಕಾಚಾರ ಕಂಡುಹಿಡಿದರು. ಅದನ್ನು ಪ್ರಕಟಿಸಿದ 1975ರ ಲೇಖನದ ಮೊದಲ ಹೆಸರು ಅನಿಲ್ ಕುಮಾರ್. ಇವತ್ತು ಜಗತ್ತಿನ ಯಾವ ಎಂಆರ್‌ಐ ಕೋಣೆಗೆ ಹೋದರೂ ಚಿತ್ರ ಕಟ್ಟುವ ಗಣಿತ ಆ ಲೇಖನದ ವಂಶದ್ದು. ಅರ್ನ್ಸ್ಟ್‌ಗೆ 1991ರಲ್ಲಿ ನೊಬೆಲ್ ಬಂತು. ಅನಿಲ್ ಕುಮಾರ್ ಟಾಟಾ ಇನ್‌ಸ್ಟಿಟ್ಯೂಟ್‌ನ ಭೌತವಿಜ್ಞಾನ ವಿಭಾಗಕ್ಕೆ, ಸೂರ್ಯನ್ ಕೆಲಸ ಮಾಡಿದ ವಿಭಾಗಕ್ಕೇ ಬಂದು, ಇಲ್ಲೇ ಪ್ರಾಧ್ಯಾಪಕರಾಗಿ ನಿಂತರು. 1980ರಲ್ಲಿ ಅರ್ನ್ಸ್ಟ್ ಮತ್ತು ಕುರ್ಟ್ ವೂತ್ರಿಕ್ ಜೊತೆ ಅವರು ಬರೆದ ಇನ್ನೊಂದು ಲೇಖನ, ಪ್ರೋಟೀನಿನ ಆಕಾರವನ್ನು ದ್ರಾವಣದಲ್ಲಿಯೇ ಕಂಡುಕೊಳ್ಳುವ ದಾರಿ ತೆರೆಯಿತು. ಕಿಣ್ವಗಳೆಂದರೆ ಹೆಚ್ಚುಪಾಲು ಪ್ರೋಟೀನುಗಳೇ. 2002ರಲ್ಲಿ ವೂತ್ರಿಕ್ ಅವರಿಗೂ ನೊಬೆಲ್ ಬಂತು. ಎರಡು ನೊಬೆಲ್‌ಗಳ ಹಿಂದಿನ ಲೇಖನಗಳಲ್ಲಿ ಮೊದಲ ಹೆಸರಾಗಿ ನಿಂತ ಒಬ್ಬರು ಯಶವಂತಪುರ-ಮಲ್ಲೇಶ್ವರದ ನಡುವೆ ದಶಕಗಳ ಕಾಲ ಪಾಠ ಹೇಳಿಕೊಂಡಿದ್ದರು ಎಂಬುದು ನಮ್ಮ ಪಠ್ಯಪುಸ್ತಕಕ್ಕೆ ಇನ್ನೂ ತಿಳಿದಂತಿಲ್ಲ.

ಎಪ್ಪತ್ತರ ದಶಕದ ಕೊನೆಗೆ ಅದೇ ಆವರಣದಲ್ಲಿ ಅತಿವಾಹಕ ಅಯಸ್ಕಾಂತದ 270 ಮೆಗಾಹರ್ಟ್ಸ್ ಎನ್‌ಎಂಆರ್ ಉಪಕರಣ ಬಂತು. ಬೇರೆ ಊರುಗಳ ವಿಶ್ವವಿದ್ಯಾಲಯದವರು ಪುಟ್ಟ ಗಾಜಿನ ನಳಿಕೆಗಳಲ್ಲಿ ಮಾದರಿ ಹಿಡಿದು ರೈಲಿನಲ್ಲಿ ಬರುವ ತಾಣ ಅದಾಯಿತು. ಸಿ.ಎಲ್. ಖೇತ್ರಪಾಲ್ ಅವರಂಥವರು ಆ ಕೇಂದ್ರವನ್ನು ಬೆಳೆಸಿದರು. ಇತ್ತ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಎಚ್. ನರಸಿಂಹಯ್ಯನವರು 1962ರಲ್ಲಿ ಆರಂಭಿಸಿದ ಬೆಂಗಳೂರು ಸೈನ್ಸ್ ಫೋರಂ ನಡೆದೇ ಇತ್ತು. ಎಚ್ಚೆನ್ ಸ್ವತಃ ನ್ಯೂಕ್ಲಿಯರ್ ಭೌತವಿಜ್ಞಾನದಲ್ಲಿ ಅಮೆರಿಕದ ಓಹಾಯೊದಿಂದ ಡಾಕ್ಟರೇಟ್ ತಂದವರು. ಟಾಟಾ ಇನ್‌ಸ್ಟಿಟ್ಯೂಟ್‌ನ ಬಾಗಿಲು ದಾಟದ ಜನ ವಿಜ್ಞಾನಿಗಳ ಮಾತನ್ನು ಕೇಳಿದ್ದು, ಎದ್ದು ನಿಂತು ಪ್ರಶ್ನೆ ಕೇಳಿದ್ದು ಅಲ್ಲಿಯೇ.

ಕಿಣ್ವದ ಕಥೆಗೂ ಇಲ್ಲೊಂದು ಬೇರು ಇದೆ. ಸೂರ್ಯನ್ ನೀರು ಹರಿಸುತ್ತಿದ್ದ ಹೊತ್ತಿನಲ್ಲಿ ಅದೇ ಆವರಣದ ಜೀವರಸಾಯನ ವಿಭಾಗದಲ್ಲಿ ಕೆ.ವಿ. ಗಿರಿ ಕಿಣ್ವಗಳ ಮೇಲೆ ಕೆಲಸ ಮಾಡುತ್ತಿದ್ದರು. ಗುಂಡಗೆ ಕತ್ತರಿಸಿದ ಶೋಧಕ ಕಾಗದದ ಮೇಲೆ ಅಮೈನೋ ಆಮ್ಲಗಳನ್ನು ಉಂಗುರ ಉಂಗುರವಾಗಿ ಬೇರ್ಪಡಿಸುವ ಅವರ ವಿಧಾನ ಅಗ್ಗದ್ದು, ಚೆಂದದ್ದು. ಆಗ ಕಿಣ್ವದ ಚುರುಕು ಅಳೆಯುವುದೆಂದರೆ ಅಂಗಾಂಶವನ್ನು ಅರೆದು, ಸೋಸಿ, ನಳಿಕೆಯಲ್ಲಿ ಹಾಕಿ, ಇಷ್ಟು ನಿಮಿಷಕ್ಕೆ ಎಷ್ಟು ವಸ್ತು ಕರಗಿತು ಎಂದು ನೋಡುವುದು. ಅಳೆಯುವ ಹೊತ್ತಿಗೆ ಅಂಗಾಂಶ ಸತ್ತಿರುತ್ತದೆ. ಬದುಕಿರುವ ಮನುಷ್ಯನ ಹೊಟ್ಟೆಯೊಳಗಿನ ಗೆಡ್ಡೆಯಲ್ಲಿ ಈ ಕ್ಷಣ ಕಿಣ್ವ ಎಷ್ಟು ವೇಗವಾಗಿ ದುಡಿಯುತ್ತಿದೆ ಎಂದು ಕೇಳುವವರೇ ಆಗ ಇರಲಿಲ್ಲ.

ಅದಕ್ಕೆ ಉತ್ತರ ಬಂದದ್ದು 2003ರ ನಂತರ. ಹತ್ತು ಲಕ್ಷಕ್ಕೆ ಮೂರು ನಾಲ್ಕು ಎಂಬ ಬಡತನದ ಬಗ್ಗೆ ಮೊದಲು ಹೇಳಿದೆನಲ್ಲ. ಯಾನ್ ಹೆನ್ರಿಕ್ ಆರ್ಡೆನ್‌ಕ್ಯಾರ್ ಲಾರ್ಸೆನ್ ಮತ್ತು ಸಂಗಡಿಗರು ಅದನ್ನೇ ಮುರಿದರು. ಇಂಗಾಲ-13 ಇರುವ ವಸ್ತುವನ್ನು ನಿರಪೇಕ್ಷ ಶೂನ್ಯಕ್ಕಿಂತ ಒಂದೂಚಿಲ್ಲರೆ ಡಿಗ್ರಿ ಮೇಲಿನವರೆಗೆ ತಂಪು ಮಾಡಿ, ಮೈಕ್ರೋವೇವ್ ಹಾಯಿಸಿ, ಎಲೆಕ್ಟ್ರಾನುಗಳ ಶಿಸ್ತನ್ನು ನ್ಯೂಕ್ಲಿಯಸ್‌ಗಳಿಗೆ ದಾಟಿಸಿ, ಆಮೇಲೆ ಬಿಸಿ ದ್ರವದಲ್ಲಿ ಥಟ್ಟನೆ ಕರಗಿಸಿದರು. ಸಂಕೇತ ಹತ್ತು ಸಾವಿರ ಪಟ್ಟಿಗೂ ಮೀರಿ ಜೋರಾಯಿತು. ಹೀಗೆ ಸಿದ್ಧವಾದ ಪೈರುವೇಟನ್ನು, ಅಂದರೆ ಸಕ್ಕರೆ ಅರ್ಧ ಒಡೆದಾಗ ಸಿಗುವ ವಸ್ತುವನ್ನು, ರಕ್ತಕ್ಕೆ ಚುಚ್ಚಿದರೆ, ಗೆಡ್ಡೆಯೊಳಗೆ ಲ್ಯಾಕ್ಟೇಟ್ ಡಿಹೈಡ್ರೋಜಿನೇಸ್ ಎಂಬ ಕಿಣ್ವ ಅದನ್ನು ಲ್ಯಾಕ್ಟೇಟ್ ಮಾಡುವುದನ್ನು ಕೂತು ನೋಡಬಹುದು. ವಾರ್‌ಬರ್ಗ್ ಬಾಟಲಿಯಲ್ಲಿ ಕಂಡದ್ದು ಈಗ ಪರದೆಯ ಮೇಲೆ. ಆದರೆ ಈ ಶ್ರೀಮಂತಿಕೆ ಎರಡು ಮೂರು ನಿಮಿಷದ್ದು, ಅಷ್ಟರಲ್ಲಿ ಕರಗಿಹೋಗುತ್ತದೆ. ಕೇಂಬ್ರಿಜ್‌ನ ಕೆವಿನ್ ಬ್ರಿಂಡಲ್ ತಂಡ 2007ರಲ್ಲಿ, ಕೀಮೋ ಕೊಟ್ಟ ಮೇಲೆ ಇಲಿಗಳ ಗೆಡ್ಡೆಯಲ್ಲಿ ಈ ಪರಿವರ್ತನೆ ನಿಧಾನವಾಗುವುದನ್ನು ತೋರಿಸಿತು. ಮರುವರ್ಷ ಅದೇ ತಂಡದ ಫರ್ಡಿಯಾ ಗ್ಯಾಲಗರ್ ಮತ್ತಿತರರು ಪೈರುವೇಟ್ ಬದಲು ಬೈಕಾರ್ಬೊನೇಟ್ ಚುಚ್ಚಿ, ಅದಕ್ಕೂ ಇಂಗಾಲದ ಡೈಆಕ್ಸೈಡ್‌ಗೂ ಇರುವ ಅನುಪಾತದಿಂದ ಗೆಡ್ಡೆಯ ಹುಳಿಯ ನಕ್ಷೆಯನ್ನೇ ಬಿಡಿಸಿದರು. ಕಾರ್ಬೋನಿಕ್ ಆನ್‌ಹೈಡ್ರೇಸ್ ಎಂಬ ಕಿಣ್ವ ಆ ಎರಡರ ನಡುವೆ ಬಿಡುವಿಲ್ಲದೆ ಓಡಾಡುವುದರಿಂದ ಲೆಕ್ಕ ಸರಿಹೊಂದುತ್ತದೆ. 2013ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಇದ್ದ 31 ಮಂದಿಯ ಮೇಲೆ ಪೈರುವೇಟ್ ವಿಧಾನದ ಮೊದಲ ಮಾನವ ಪರೀಕ್ಷೆಯ ವರದಿ ಬಂತು.

ಇಷ್ಟೆಲ್ಲ ಸಂಭ್ರಮಕ್ಕೂ ಮುಂಚೆಯೇ ಸೂರ್ಯನ್ ಅವರ ಹಳೆ ಕಾಟ ಇನ್ನೊಂದು ಬಾಗಿಲಿನಿಂದ ಒಳಗೆ ಬಂದಿತ್ತು. 2000ದಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ವಾರ್ಡ್, ಆಲೆಟ್ರಾಸ್, ಬಾಲಬನ್ ಎಂಬ ಮೂವರು ಸಂತೃಪ್ತಿಯನ್ನೇ ಬಣ್ಣದ ಹಾಗೆ ಬಳಸಬಹುದು ಎಂದರು. ಕೆಲವು ಅಣುಗಳಲ್ಲಿ ಸಾರಜನಕಕ್ಕೆ ಸಡಿಲವಾಗಿ ಅಂಟಿದ ಹೈಡ್ರೋಜನ್ ಇರುತ್ತದೆ. ಅದು ಸುಮ್ಮನಿರುವುದಿಲ್ಲ, ಸುತ್ತಲಿನ ನೀರಿನ ಹೈಡ್ರೋಜನ್ ಜೊತೆ ಸೆಕೆಂಡಿಗೆ ನೂರಾರು ಸಲ ಜಾಗ ಬದಲಿಸುತ್ತದೆ. ಆ ಅಣುವಿನ ಹೈಡ್ರೋಜನ್ ಅನ್ನು ಮಾತ್ರ ಗುರಿಯಿಟ್ಟು ಸಂತೃಪ್ತಗೊಳಿಸಿದರೆ ಅದು ನೀರಿಗೆ ಜಿಗಿಯುತ್ತದೆ, ಅದರ ಜಾಗಕ್ಕೆ ಹೊಸದು ಬರುತ್ತದೆ, ಅದನ್ನೂ ಸಂತೃಪ್ತಗೊಳಿಸುತ್ತೇವೆ. ಕೆಲವು ಸೆಕೆಂಡಿನಲ್ಲಿ ನೀರಿನ ಸಂಕೇತವೇ ಕುಗ್ಗಿ ಚಿತ್ರದಲ್ಲಿ ಆ ಜಾಗ ಮಂಕಾಗುತ್ತದೆ. ಪರಿಷೆಯ ಲೆಕ್ಕದಲ್ಲಿ ಹೇಳುವುದಾದರೆ, ಒಂದೇ ಅಂಗಡಿಯಲ್ಲಿ ಕೊಂಡವರು ಬೀದಿಯ ತುಂಬ ಹರಡಿ ಇಡೀ ಬೀದಿಯ ವ್ಯಾಪಾರ ಇಳಿದಂತೆ. ಸೂರ್ಯನ್ ಅವರ ಕೊಳವೆಯಲ್ಲಿ ನೀರೇ ಹರಿದು ತಾಜಾ ನ್ಯೂಕ್ಲಿಯಸ್ ತಂದಿತ್ತು. ಇಲ್ಲಿ ರಾಸಾಯನಿಕ ವಿನಿಮಯವೇ ಹರಿವು.

ಆ ವಿನಿಮಯದ ವೇಗ ಆಮ್ಲೀಯತೆಯನ್ನು ಅವಲಂಬಿಸಿದೆ. ಆದ್ದರಿಂದ ಮಂಕು ಎಷ್ಟೆಂದು ನೋಡಿ ಪಿಎಚ್ ಹೇಳಬಹುದು. ಆದರೆ ಚುಚ್ಚಿದ ಆ ಅಣುವೇ ಗೆಡ್ಡೆಗೆ ಕಡಿಮೆ ತಲುಪಿದ್ದರೆ? ಅದಕ್ಕೂ ದಾರಿ ಇದೆ: ಒಂದೇ ಅಣುವಿನಲ್ಲಿ ಬೇರೆ ಬೇರೆ ವೇಗದಲ್ಲಿ ವಿನಿಮಯವಾಗುವ ಎರಡು ಹೈಡ್ರೋಜನ್ ಇದ್ದರೆ ಅವುಗಳ ಅನುಪಾತ ತೆಗೆದುಕೊಳ್ಳುವುದು. ಅಂಥ ಅಣುವನ್ನು ಹೊಸದಾಗಿ ತಯಾರಿಸಬೇಕಾಗಿ ಬರಲಿಲ್ಲ. ಸಿಟಿ ಸ್ಕ್ಯಾನಿಗೆ ಮುಂಚೆ ಕೈಗೆ ಚುಚ್ಚುವ ಅಯೋಡಿನ್ ಔಷಧಗಳಲ್ಲಿ ಐಯೊಪಾಮಿಡಾಲ್ ಎಂಬುದೊಂದಿದೆ. ದಶಕಗಳಿಂದ ಬಳಕೆಯಲ್ಲಿದ್ದ ಅದೇ ಔಷಧ ಇಟಲಿಯ ಟ್ಯೂರಿನ್‌ನಲ್ಲಿ ಸಿಲ್ವಿಯೊ ಐಮೆ, ಡಾರಿಯೊ ಲಾಂಗೊ ಅವರ ಕೈಯಲ್ಲಿ ಪಿಎಚ್ ಮಾಪಕವಾಯಿತು. ಅಮೆರಿಕದ ಅರಿಜೋನಾದಲ್ಲಿ ಮಾರ್ಕ್ ಪೇಗಲ್ ತಂಡ ಅದರ ದಾಯಾದಿ ಔಷಧವನ್ನು ಬಳಸಿ ಇದನ್ನೇ ಮುಂದುವರಿಸಿತು. ಅದಕ್ಕೂ ಮುಂಚೆ, 2006ರಲ್ಲಿ, ಯೂ ಮತ್ತು ಪೇಗಲ್ ಇನ್ನೊಂದು ಚಮತ್ಕಾರ ಮಾಡಿದ್ದರು. ಕ್ಯಾಸ್ಪೇಸ್-3 ಎಂಬ ಕಿಣ್ವ ಜೀವಕೋಶ ಸಾಯಲು ಹೊರಟಾಗ ಎಚ್ಚರಗೊಳ್ಳುತ್ತದೆ. ಆ ಕಿಣ್ವ ಕತ್ತರಿಸುವಂಥ ಬಾಲವಿರುವ ಒಂದು ಅಣು ಕಟ್ಟಿದರು. ಬಾಲ ತುಂಡಾದರೆ ವಿನಿಮಯದ ಗುರುತು ಬದಲಾಗುತ್ತದೆ. ಹೀಗೆ ಕಿಣ್ವ ಕೆಲಸ ಮಾಡಿದೆಯೋ ಇಲ್ಲವೋ ಎಂದು ನೀರಿನ ಸಂಕೇತವೇ ಹೇಳುತ್ತದೆ. ಕೀಮೋ ಕೊಟ್ಟ ಎರಡನೇ ದಿನವೇ ಗೆಡ್ಡೆ ಸಾಯತೊಡಗಿದೆಯೇ ಎಂದು ತಿಳಿಯುವ ಆಸೆ ಇದರ ಹಿಂದಿದೆ. ಈಗಂತೂ ಗೆಡ್ಡೆ ಕುಗ್ಗಿತೇ ಎಂದು ನೋಡಲು ವಾರಗಟ್ಟಲೆ ಕಾಯಬೇಕು, ಅಷ್ಟರಲ್ಲಿ ನಾಟದ ಔಷಧದ ತಾಪವನ್ನೂ ರೋಗಿ ಅನುಭವಿಸಿರುತ್ತಾನೆ.

ಬೆಂಗಳೂರಿನ ಆಸ್ಪತ್ರೆಗಳಲ್ಲಿ ಇದರ ಅಕ್ಕಪಕ್ಕದ ಕೆಲಸ ನಡೆದಿದೆ. ನಿಮ್ಹಾನ್ಸ್‌ನಲ್ಲಿ 2000ದ ದಶಕದಲ್ಲಿ ಬಿ.ಎನ್. ಗಂಗಾಧರ್, ಪಿ.ಎನ್. ಜಯಕುಮಾರ್ ಮತ್ತು ಸಂಗಡಿಗರು ರಂಜಕದ ಎಂಆರ್ ರೋಹಿತವನ್ನು ಮನುಷ್ಯರ ಮಿದುಳಿನ ಮೇಲೆಯೇ ಬಳಸಿದರು. ಅವರು ಹುಡುಕುತ್ತಿದ್ದದ್ದು ಗೆಡ್ಡೆಯನ್ನಲ್ಲ, ಸ್ಕಿಜೋಫ್ರೇನಿಯಾದಲ್ಲಿ ಮಿದುಳಿನ ಶಕ್ತಿಯ ವ್ಯವಹಾರವನ್ನು. ಗೆಡ್ಡೆಯ ವಿಷಯದಲ್ಲಿ ಹೈಡ್ರೋಜನ್ ರೋಹಿತ ತೆಗೆದು ಕೋಲೀನ್, ಲ್ಯಾಕ್ಟೇಟ್ ಗೆರೆ ನೋಡುವುದು ಈಗ ದೊಡ್ಡ ಆಸ್ಪತ್ರೆಗಳಲ್ಲಿ ರೂಢಿ. ಪಿಎಚ್ ನಕ್ಷೆ, ಕಿಣ್ವದ ವೇಗ ಇವೆಲ್ಲ ಇನ್ನೂ ಸಂಶೋಧನೆಯ ಅಂಗಳದಲ್ಲೇ ಇವೆ. ಶಂಕರಪುರದ ಕ್ಯಾನ್ಸರ್ ಆಸ್ಪತ್ರೆಯಾಗಲಿ ಕಿದ್ವಾಯಿಯಾಗಲಿ, ಅಮೆರಿಕದ ದೊಡ್ಡ ಆಸ್ಪತ್ರೆಯೇ ಆಗಲಿ, ಮಾಮೂಲಿ ರಿಪೋರ್ಟಿನಲ್ಲಿ ಗೆಡ್ಡೆಯ ಪಿಎಚ್ ಇಷ್ಟು ಎಂದು ಬರೆದು ಕೊಡುವ ಕಾಲ ಬಂದಿಲ್ಲ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಗೆಡ್ಡೆ ಹುಳಿ ಎಂಬ ಅರ್ಧ ಸತ್ಯ ಹಿಡಿದುಕೊಂಡು ಕ್ಷಾರದ ನೀರಿನ ಯಂತ್ರ ಮಾರುವವರು, ಅಡುಗೆ ಸೋಡಾ ಕುಡಿದರೆ ಕ್ಯಾನ್ಸರ್ ಹೋಗುತ್ತದೆ ಎಂದು ಮೊಬೈಲಿನಲ್ಲಿ ಹಂಚುವವರು ನಮ್ಮ ಬಡಾವಣೆಗಳಲ್ಲೂ ಇದ್ದಾರೆ. ಇಲಿಗಳಿಗೆ ಬೈಕಾರ್ಬೊನೇಟ್ ನೀರು ಕುಡಿಸಿ ಗೆಡ್ಡೆ ಹರಡುವುದು ಕಡಿಮೆಯಾದದ್ದನ್ನು ಅಮೆರಿಕದ ರಾಬರ್ಟ್ ಗಿಲೀಸ್ ತಂಡ 2009ರಲ್ಲಿ ತೋರಿಸಿದ್ದು ನಿಜ. ಆದರೆ ಇಲಿಯ ಲೆಕ್ಕ ಮನುಷ್ಯರಿಗೆ ಹೊಂದುವುದಿಲ್ಲ. ಅಷ್ಟು ಸೋಡಾವನ್ನು ದಿನಾ ಕುಡಿದು ದಕ್ಕಿಸಿಕೊಳ್ಳುವುದು ಮನುಷ್ಯರಿಗೆ ಕಷ್ಟ, ಅದರ ಸೋಡಿಯಂ ರಕ್ತದೊತ್ತಡಕ್ಕೂ ಮೂತ್ರಪಿಂಡಕ್ಕೂ ಹೊರೆ. ನಾವು ಏನೇ ತಿಂದರೂ ಕುಡಿದರೂ ಶ್ವಾಸಕೋಶ, ಮೂತ್ರಪಿಂಡ ಎರಡೂ ಸೇರಿ ರಕ್ತದ ಪಿಎಚ್ ಅನ್ನು 7.35ರಿಂದ 7.45ರೊಳಗೆ ಕಾಯುತ್ತವೆ, ನಿಂಬೆಹಣ್ಣಿನಿಂದ ಅದು ಹುಳಿಯಾಗುವುದಿಲ್ಲ, ಸೋಡಾದಿಂದ ಗೆಡ್ಡೆ ಕರಗುವುದಿಲ್ಲ. ನಿಮ್ಮ ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಇದ್ದು, ದೇಹದ ಆಮ್ಲ ಅಳೆದು ಔಷಧ ಕೊಡುತ್ತೇವೆ ಎಂದು ಯಾರಾದರೂ ಬಂದರೆ, ದುಡ್ಡು ಕೊಡುವ ಮೊದಲು ಚಿಕಿತ್ಸೆ ಕೊಡುತ್ತಿರುವ ಕ್ಯಾನ್ಸರ್ ವೈದ್ಯರನ್ನು ಒಂದು ಮಾತು ಕೇಳಿ.